ಬುವಾರ ಬೆನ್ನ ಹಿಂದೆ

"ಚೂಕ್ ತುಮಚೀ ನವ್ಹತೀ, ಧರ್ಮರಾಜಜೀ," ಎಂದು ಮರಾಠಿಯಲ್ಲಿ ಹೇಳಿ ಏಕನಾಥ ಹಳೆಯ ಲೆನ್ಸನ್ನು ಗಾಜಿನ ಕೌಂಟರಿನ ಮೇಲೆ ಮೆಲ್ಲಗೆ ಇಟ್ಟ. "ತಪ್ಪು ನಿಮ್ಮದಲ್ಲ. ಇದರದ್ದು."

ಪುಣೆ ಕ್ಯಾಂಪಿನ ಆ ಕ್ಯಾಮೆರಾ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿಗಳೇ ಇರುತ್ತಿರಲಿಲ್ಲ. ಡಿಜಿಟಲ್ ಬಂದ ಮೇಲೆ ಏಕನಾಥನಿಗೆ ಮಾತಾಡಲು ಬೇಕಾದಷ್ಟು ಪುರುಸೊತ್ತು. ಧರ್ಮರಾಜ ಕಲಬುರ್ಗಿಯಿಂದ ಪುಣೆಗೆ ಬಂದಾಗಿನಿಂದ ಸಂಗೀತದ ಬೈಠಕುಗಳ ಫೋಟೋ ತೆಗೆದೇ ಬದುಕಿದವನು. ಫ್ಲಾಶ್ ಮಿಂಚಿದರೆ ಗವಾಯಿಗಳು ಹಾಡು ನಿಲ್ಲಿಸಿ ದುರುಗುಟ್ಟುವ ಲೋಕ ಅದು. ಅದಕ್ಕೇ ಸದ್ದು ಮಾಡದ ಈ ರೇಂಜ್‌ಫೈಂಡರ್ ಕ್ಯಾಮೆರಾ, ಅರೆಗತ್ತಲಲ್ಲೂ ಬೆಳಕು ಕುಡಿಯುವ ಈ ದಪ್ಪ ಲೆನ್ಸು.

"ಬೆಳಕು ಒಳಬಿಡುವ ಬಾಯಿ ಪೂರ್ತಿ ತೆರೆದಿಟ್ಟರೆ ಸರಿಯಾಗಿಯೇ ಇರುತ್ತದೆ," ಎಂದ ಏಕನಾಥ. "ಸ್ವಲ್ಪ ಮುಚ್ಚಿದಿರೋ, ಫೋಕಸ್ ತಾನಾಗಿ ಹಿಂದಕ್ಕೆ ಜಾರುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ನೀವು ಕಣ್ಣಿಡುವ ಕಿಂಡಿ ಬೇರೆ, ಲೆನ್ಸು ಬೇರೆ. ಹಾಗಾಗಿ ಜಾರಿದ್ದು ನಿಮಗೆ ಕಾಣುವುದೇ ಇಲ್ಲ. ನೀವು ಮುಂದೆ ಕೂತವರನ್ನು ನೋಡುತ್ತಿರುತ್ತೀರಿ, ಇದು ಹಿಂದೆ ಕೂತವರನ್ನು ನೋಡುತ್ತಿರುತ್ತದೆ."

ಕಂಪನಿಯವರು ಅದೇ ಲೆನ್ಸನ್ನು ಈಗ ಹೊಸದಾಗಿ ಕಟ್ಟಿದ್ದರು. ಅದರಲ್ಲಿ ಈ ದೋಷವಿಲ್ಲ. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ, ಭಾನುವಾರದ ಬೈಠಕಿನಲ್ಲಿ ತೆಗೆದು ನೋಡಿ, ಮನಸ್ಸಿಗೆ ಬರದಿದ್ದರೆ ಮರಳಿ ತನ್ನಿ ಎಂದ ಏಕನಾಥ. ಧರ್ಮರಾಜ ಯೋಚಿಸಿ ಹೇಳುತ್ತೇನೆಂದು ಹಳೆಯದನ್ನೇ ಚೀಲಕ್ಕೆ ಹಾಕಿಕೊಂಡು ಎದ್ದ.

ಬಸ್ಸಿನಲ್ಲಿ ಕೂತಾಗ ಅವನಿಗೆ ನಗು ಬಂತು. ಇಷ್ಟು ವರ್ಷ ತನ್ನ ಕಣ್ಣನ್ನೇ ಬೈದುಕೊಂಡಿದ್ದ. ಅವನು ಹಿರಿಯ ಗವಾಯಿ ಮಾಧವಬುವಾರ ಕಾಯಂ ಫೋಟೋಗ್ರಾಫರ್. ಬುವಾರಿಗೆ ಎಪ್ಪತ್ತೈದು ತುಂಬುವುದಿತ್ತು, ಶಿಷ್ಯರು ಚಿತ್ರಗಳ ಪುಸ್ತಕ ತರುವವರಿದ್ದರು. "ನಿಮ್ಮ ಫೋಟೋದಲ್ಲಿ ಬುವಾರ ಮುಖ ಯಾವಾಗಲೂ ಮಸುಕು. ಹಿಂದೆ ತಂಬೂರಿ ಹಿಡಿದು ಕೂತ ಹುಡುಗಿಯ ಮೂಗುತಿ ಮಾತ್ರ ಫಳಫಳ," ಎಂದು ಅವರಲ್ಲೊಬ್ಬ ಮುಖದ ಮೇಲೆ ಹೇಳಿದ್ದ. ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡಿದ್ದ. ತಂಬೂರಿ ಹಿಡಿದು ಕೂತವಳು ಧರ್ಮರಾಜನ ಮಗಳು ಇಂದೂ. ಹಿಂದಿನ ವರ್ಷದ ಮಳೆಗಾಲದಲ್ಲಿ ಬಂದ ಜ್ವರ ಅವಳನ್ನು ಕರೆದುಕೊಂಡೇ ಹೋಗಿತ್ತು.

ಮನೆಯಲ್ಲಿ ಸುಮಂಗಲಾ ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಗಂಡ ಹೊಸ ಲೆನ್ಸಿನ ಮಾತೆತ್ತಿದ ಕೂಡಲೇ ಸೂಜಿ ನಿಲ್ಲಿಸಿದಳು.

"ಇದ್ದದ್ದಕ್ಕ ಏನಾಗ್ಯಾದ್ರಿ?"

ಅವನು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಎದ್ದು ಹೋಗಿ ಕಪಾಟಿನಿಂದ ಫೋಟೋಗಳ ಕಟ್ಟು ತಂದಳು. ಬುವಾರ ಕಡೆಯವರು ಬೇಡವೆಂದು ಮರಳಿಸಿದವು. ಎಲ್ಲದರಲ್ಲೂ ಮುಂದೆ ಮಂಜಿನಂಥ ಬುವಾ, ಅವರ ಹೆಗಲ ಹಿಂದೆ ರೆಪ್ಪೆಯ ಕೂದಲು ಎಣಿಸುವಷ್ಟು ಸ್ವಚ್ಛವಾಗಿ ಇಂದೂ.

"ಆಕಿ ಏನಂತಿದ್ಲು ಗೊತ್ತೇನ್ರಿ ನಿಮಗ? 'ಎಲ್ಲಾರೂ ಬುವಾನ್ನ ನೋಡ್ಲಿಕ್ಕಿ ಬರ್ತಾರವ್ವ, ನಮ್ಮಪ್ಪ ಒಬ್ರೇ ನನ್ನ ನೋಡ್ತಾರ' ಅಂತ. ನಿಮ್ಮ ಮುಂದ ಹೇಳಬ್ಯಾಡ ಅಂದಿದ್ಲು. ಹೇಳಿದ್ರ ನೀವು ನಾಚಿ ತಗ್ಯೋದು ಬಿಡ್ತೀರಂತ."

ಧರ್ಮರಾಜ ಒಂದೊಂದೇ ಫೋಟೋ ತಿರುವಿದ. ಆಯಾ ಸಂಜೆ ಬುವಾ ಯಾವ ರಾಗ ಹಾಡಿದ್ದರು, ಯಾವ ಶಾಲು ಹೊದ್ದಿದ್ದರು, ಎಲ್ಲಾ ನೆನಪಿತ್ತು. ಮಗಳು ಯಾವ ಸೀರೆ ಉಟ್ಟಿದ್ದಳೆಂಬುದು ಫೋಟೋ ನೋಡಿದ ಮೇಲೇ ತಿಳಿಯುತ್ತಿತ್ತು.

"ಹೇಳ್ರಿ, ಏನಾಗ್ಯಾದ ಇದಕ್ಕ?"

"ಏನೂ ಆಗಿಲ್ಲ. ಹಳೇದಾಗ್ಯಾದ, ಅಷ್ಟ," ಎಂದ ಅವನು.

ಮರುದಿನ ಬೆಳಿಗ್ಗೆ ಅವಳು ಕಿಟಕಿಯ ಬಳಿ ತಲೆ ಬಾಚಿಕೊಳ್ಳುತ್ತಿದ್ದಾಗ ಹಳೆಯ ಲೆನ್ಸಿನಲ್ಲೇ ನಾಲ್ಕಾರು ಚಿತ್ರ ತೆಗೆದ. ಅವಳ ಕಣ್ಣಿಗೇ ಫೋಕಸ್ ಮಾಡಿ, ಲೆನ್ಸಿನ ಬಾಯಿ ಒಂದಿಷ್ಟು ಮುಚ್ಚಿ. ತೊಳೆದು ತೆಗೆದಾಗ ಸುಮಂಗಲಾಳ ಮುಖ ಕಲಕಿದ ನೀರಿನಂತಿತ್ತು. ಅವಳ ಹಿಂದಿನ ಕನ್ನಡಿಯ ಅಂಚಿನಲ್ಲಿ ಅಂಟಿಸಿದ ಬಿಂದಿಗಳು ಒಂದೊಂದೂ ಎದ್ದು ಕಾಣುತ್ತಿದ್ದವು. ಕೆಂಪು, ಕಪ್ಪು, ಒಂದು ಹಸಿರು. ಮಲಗುವ ಮುಂಚೆ ಹಣೆಯಿಂದ ಕಿತ್ತು ಅಲ್ಲೇ ಅಂಟಿಸುವುದು ಇಂದೂಳ ರೂಢಿ. ಆ ಕನ್ನಡಿಯಲ್ಲಿ ಅವನು ದಿನವೂ ಗಡ್ಡ ಹೆರೆದುಕೊಳ್ಳುತ್ತಿದ್ದ. ಒಂದು ದಿನವೂ ಅವು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಹೆಂಡತಿ ಅವನ್ನು ಒರೆಸದೆ ಉಳಿಸಿಕೊಂಡಿದ್ದಾಳೆಂಬುದೂ ಗೊತ್ತಿರಲಿಲ್ಲ.

ಆ ಫೋಟೋವನ್ನು ಅವನು ಕಿಟಕಿಯ ಬೆಳಕಿಗೆ ಹಿಡಿದ. ಕೋಣೆಯಲ್ಲಿ ತನ್ನದಲ್ಲದ ಇನ್ನೊಂದು ಕಣ್ಣು ಇದೆ, ತಾನು ನೋಡದೆ ಬಿಟ್ಟದ್ದನ್ನೆಲ್ಲ ಅದು ನೋಡುತ್ತಲೇ ಇರುತ್ತದೆ ಅನ್ನಿಸಿತು. ಆ ಲೆನ್ಸು ಇನ್ನು ಮನೆಯಲ್ಲಿ ಬೇಡವೆನಿಸಿತು. ಫೋಟೋವನ್ನು ಹೆಂಡತಿಗೆ ತೋರಿಸಲಿಲ್ಲ. ಭಾನುವಾರ ಬೆಳಿಗ್ಗೆ ಅಂಗಡಿಗೆ ಹೋಗಿ ಹಳೆಯದನ್ನು ಕೊಟ್ಟು ಹೊಸದನ್ನು ಹಾಕಿಸಿಕೊಂಡು ಬಂದ.

ಸಂಜೆ ಹೊರಡುವಾಗ ಸುಮಂಗಲಾ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನ್ರಿ." ಇಂದೂ ಹೋದ ಮೇಲೆ ಅವಳು ಬೈಠಕಿನ ಕಡೆ ಸುಳಿದಿರಲಿಲ್ಲ.

ಬುವಾ ಅಂದು ತುಂಬಿ ಹಾಡಿದರು. ಅವರ ಹಿಂದೆ ಈಗ ಚಿತ್ರಾ ಎಂಬ ಹೊಸ ಶಿಷ್ಯೆ ಕೂತಿದ್ದಳು. ಇಂದೂ ಬಿಟ್ಟುಹೋದ ತಂಬೂರಿಯೇ ಅವಳ ಹೆಗಲಿಗೆ ಒರಗಿತ್ತು. ಧರ್ಮರಾಜ ಬುವಾರನ್ನು ಬಿಟ್ಟು ಬೇರೆಲ್ಲೂ ಕಣ್ಣು ಹಾಯಿಸದೆ ರೀಲು ಖರ್ಚು ಮಾಡಿದ. ಆ ಚಿತ್ರಗಳಲ್ಲಿ ಬುವಾರ ಹಣೆಯ ಬೆವರೂ ಮೂಡಿಬಂತು, ಪುಸ್ತಕದಲ್ಲಿ ಅವೇ ಅಚ್ಚಾದವು. ಹಳೆಯ ಲೆನ್ಸನ್ನು ಅವನು ಮರಳಿ ಕೇಳಲೂ ಇಲ್ಲ.

ಆದರೆ ಅವತ್ತು ಬುವಾ ಭೈರವಿ ಎತ್ತಿಕೊಂಡಾಗ ಅವನು ಒಮ್ಮೆ ಹೆಂಗಸರ ಸಾಲಿನತ್ತ ತಿರುಗಿದ. ಸುಮಂಗಲಾ ಬುವಾರನ್ನು ನೋಡುತ್ತಿರಲಿಲ್ಲ. ಕ್ಯಾಮೆರಾ ಯಾರ ಕಡೆ ತಿರುಗಿದೆ ಎಂದು ಅವನನ್ನೇ ನೋಡುತ್ತಿದ್ದಳು.

ಅವನು ಕ್ಯಾಮೆರಾ ಎತ್ತಿ, ಬುವಾರ ಹೆಗಲು ದಾಟಿಸಿ, ಹಿಂದೆ ಕೂತ ಚಿತ್ರಾಳ ಮೇಲೆ ಹಿಡಿದ. ಕಿಂಡಿಯ ನಡುವಿನ ಪುಟ್ಟ ಬೆಳಕಿನ ಚೌಕದಲ್ಲಿ ಮುಖ ಎರಡಾಗಿ ಕಾಣುತ್ತಿತ್ತು. ಒಂದು ಗಟ್ಟಿ, ಅದರ ಪಕ್ಕಕ್ಕೆ ಇನ್ನೊಂದು ತೆಳ್ಳಗೆ, ನೆರಳಿನಂತೆ. ಲೆನ್ಸಿನ ಉಂಗುರ ತಿರುಗಿಸಿದರೆ ಎರಡೂ ಕೂಡಿ ಒಂದಾಗಬೇಕು, ಆಗ ಫೋಕಸ್ ಸರಿ. ಅವನು ತಿರುಗಿಸುತ್ತ ಹೋದ. ತೆಳ್ಳಗಿನ ಮುಖ ಹತ್ತಿರ ಹತ್ತಿರ ಸರಿದು ಬಂತು. ಒಂದು ಕೂದಲೆಳೆಯಷ್ಟು ಉಳಿದಿದೆ ಎನ್ನುವಾಗ ಅವನ ಬೆರಳು ನಿಂತಿತು.

ತಂಬೂರಿ ಮಿಡಿಯುತ್ತಲೇ ಇತ್ತು. ಚೌಕದೊಳಗೆ ಇಬ್ಬರು ಹುಡುಗಿಯರೂ ಪಕ್ಕಪಕ್ಕದಲ್ಲೇ ಕೂತಿದ್ದರು.