ತುವಾತಜ್ಜಿಯ ಹೆಸರು

ಕುಂಚದ ತುದಿಯಲ್ಲಿ ಮಸಿ ಹನಿಗಟ್ಟಿ ತೂಗುತ್ತಿದೆ, ಇನ್ನೇನು ಬಿತ್ತು ಅನ್ನುವಷ್ಟರಲ್ಲಿ ವಿಹಾರದ ಅಂಗಳದಲ್ಲಿ ಸತ್ತವರ ಹೆಸರು ಬರೆಯಲು ಕೂತ ಮುದುಕರು ಅದನ್ನು ಬಟ್ಟಲಿನ ಅಂಚಿಗೆ ಒರೆಸಿ ಮತ್ತೆ ಎತ್ತಿ ಹಿಡಿದರು, ಹೇಳಮ್ಮ, ತೀರಿಕೊಂಡವರ ಹೆಸರು — ಖ್ವೇ ಬಾಯಿ ತೆರೆದಳು, ತುವಾತಜ್ಜಿ ಅಂದಳು, ಊರೆಲ್ಲ ಕರೆಯುತ್ತಿದ್ದದ್ದೇ ಹಾಗೆ, ಮುದುಕರು ಕನ್ನಡಕದ ಮೇಲಿಂದ ನೋಡಿದರು, ತುವಾತ್ ಅನ್ನೋದು ಗಂಡಸಿನ ಹೆಸರಲ್ಲವೇನಮ್ಮ, ಹೌದು ತಾತ, ನಮ್ಮಜ್ಜನದು, ಅಜ್ಜನದು ಆಯ್ತು, ಅಜ್ಜಿದು ಹೇಳು, ಸಮಾಧಿಯ ಕಲ್ಲಿನ ಮೇಲೆ ವೂ ಮನೆತನದ ಹೆಣ್ಣುಮಗಳು ಅಂತಿದೆ ತಾತ, ಅಷ್ಟೇ ಕೆತ್ತಿಸಿದ್ದಾರೆ, ವೂ ಮನೆತನದ ಹೆಣ್ಣುಮಗಳಾ, ಸರಿಹೋಯ್ತು, ಈ ಹೊಳೆ ದಂಡೇಲಿ ನಿಂತು ಹಾಗಂತ ಕೂಗಿದ್ರೆ ಅರ್ಧ ಊರು ಓ ಅನ್ನುತ್ತೆ, ಬದುಕಿರೋರೇ ಅಷ್ಟು ಜನ, ಸತ್ತೋರ ವಿಷಯ ಬೇರೆ — ಸಾಲಿನಲ್ಲಿ ಹಿಂದೆ ನಿಂತವರು ನಕ್ಕರು, ಕೆಟ್ಟ ನಗೆಯೇನಲ್ಲ, ಆದರೂ ಕಿವಿಯ ತುದಿ ಕಾದು ಹೋಯಿತು, ಕೈಯಲ್ಲಿನ ಊದುಕಡ್ಡಿಯ ಕಟ್ಟು ಬೆವರಿಗೆ ಒದ್ದೆ, ಏಳನೇ ತಿಂಗಳ ಹುಣ್ಣಿಮೆ, ಪಾತಾಳದ ಬಾಗಿಲು ತೆರೆದಿರುವ ದಿನ, ಮುದುಕರು ಬರೆಯುವ ಬಿನ್ನವತ್ತಳೆಯಲ್ಲಿ ಹೆಸರಿದ್ದವರನ್ನು ಭಿಕ್ಷುಣಿ ಒಬ್ಬೊಬ್ಬರನ್ನಾಗಿ ಕೂಗುತ್ತಾಳೆ, ಕೂಗಿಸಿಕೊಂಡವರು ಬಂದು ಉಂಡು ಹಗುರಾಗಿ ಹೋಗುತ್ತಾರೆ, ಕೂಗಿಸಿಕೊಳ್ಳದವರು ಅಂಗಳದ ಆಚೆ ಅನಾಥ ಪ್ರೇತಗಳ ಜೊತೆ ನಿಂತು ಎಲೆಯಲ್ಲಿ ಸುರಿದ ತಿಳಿಗಂಜಿಗೆ ಕಾಯಬೇಕು, ಇದನ್ನು ಅವಳಿಗೆ ಹೇಳಿಕೊಟ್ಟವಳೇ ಅಜ್ಜಿ, ಗಂಜಿ ಸುರಿಯುತ್ತ ಹೇಳಿದ್ದಳು, ಪಾಪ, ಕರೆಯೋರಿಲ್ಲದ ಜೀವಗಳು ಕಣೇ, ತುಂಬ ಸುರಿ, ಕೈ ಹಿಡೀಬೇಡ — ಸ್ವಲ್ಪ ತಾಳಿ ತಾತ, ಈಗ ಬಂದೆ, ಕೇಳಿಕೊಂಡು ಬರ್ತೀನಿ, ಹೋಗಿ ಬಾರಮ್ಮ, ಸತ್ತೋರಿಗೆ ಅವಸರ ಇಲ್ಲ, ಈ ಹಿಂದಿರೋರಿಗೇ ಅವಸರ.

ಹಲಸಿನ ಮರದ ನೆರಳಿಗೆ ಬಂದು ಚಿಕ್ಕಮ್ಮನಿಗೆ ಫೋನು, ಕಳೆದ ಚಳಿಗಾಲದಲ್ಲಿ ಚಿಕ್ಕಪ್ಪ ತೀರಿಹೋದ ಮೇಲೆ ಮನೆಯ ಹಿರಿಯರ ಪೀಠಕ್ಕೆ ದೀಪ ಹಚ್ಚುವವಳು ಅವಳೇ, ಏನೇ, ಊಟಕ್ಕೆ ಬರ್ತೀಯೋ ಹಂಗೇ ವಾಪಸ್ ಹಾಯ್‌ಫೋಂಗ್ ಪಟ್ಟಣಕ್ಕೆ ಬಸ್ಸು ಹತ್ತಿಬಿಡ್ತೀಯೋ, ಬರ್ತೀನಿ ಚಿಕ್ಕಮ್ಮ, ಒಂದು ಮಾತು, ಅಜ್ಜಿ ಹೆಸರೇನು, ಆ ಕಡೆ ಮುಚ್ಚಳ ಇಟ್ಟ ಸದ್ದು, ಯಾವ ಅಜ್ಜಿ, ನಮ್ಮಜ್ಜಿ, ಅಯ್ಯೋ ಇವಳೇ, ಅತ್ತೆ ಹೆಸರು ಸೊಸೆಗೆ ಯಾರು ಹೇಳ್ತಾರೆ, ಬಂದಾಗಿನಿಂದ ಅಮ್ಮ ಅಂದೆ, ಅವರು ಓ ಅಂದ್ರು, ನಿಮ್ಮ ಚಿಕ್ಕಪ್ಪ ತಿಥಿ ದಿನ ಪೀಠದ ಮುಂದೆ ನಿಂತು ಹೆತ್ತವಳ ಹೆಸರನ್ನ ಬಾಯೊಳಗೇ ನುಂಗಿ ನುಂಗಿ ಹೇಳ್ತಿದ್ರು, ನಾನೋ ಒಲೆ ಮುಂದೆ, ಈಗ ನಾನು ಬರೀ ಅಮ್ಮ ಬನ್ನಿ ಅಂತೀನಿ, ಬರ್ತಾರೆ, ಬರದೆ ಏನು, ಪಂಚಾಯ್ತಿ ಕಚೇರೀಲಿ ಇರುತ್ತೆ ನೋಡು, ಇವತ್ತು ಭಾನುವಾರ, ನಾಳೆ ಆ ಗುಮಾಸ್ತ ಹುಡುಗನ್ನ ಕೇಳು — ನಾಳೆ ಯಾರು ಕೂಗುತ್ತಾರೆ ಚಿಕ್ಕಮ್ಮ, ಬಾಗಿಲು ತೆಗೆದಿರೋದು ಇವತ್ತು, ಅಂದಳೋ ಅಂದುಕೊಂಡಳೋ, ಚಿಕ್ಕಮ್ಮ ಅಂದಳು, ನನ್ನ ಕೇಳ್ತೀಯಲ್ಲ, ಗೊತ್ತಿರಬೇಕಾದ್ದು ನಿನಗೆ ಕಣೇ, ನಿನ್ನನ್ನ ತಾನೆ ಅವರು ಮಗ್ಗುಲಲ್ಲಿ ಹಾಕ್ಕೊಂಡು ಮಲಗ್ತಿದ್ದದ್ದು.

ಮಗ್ಗುಲಲ್ಲಿ, ಹೌದು, ಅಪ್ಪ ಸತ್ತು ಅಮ್ಮ ಇನ್ನೊಂದು ಮನೆ ಸೇರಿದ ಮೇಲೆ ಅಜ್ಜಿಯ ಮಗ್ಗುಲೇ ಮನೆ, ಅಡಿಕೆಹಾಳೆ ಬೀಸಣಿಗೆಯ ಗಾಳಿ, ಎಲೆಯಡಿಕೆಯ ವಾಸನೆ, ಆರು ಮಾತಿನ ಒಂದು ಸಾಲು ಎಂಟು ಮಾತಿನ ಒಂದು ಸಾಲು ಎಂದು ರಾಗ ಕಟ್ಟಿ ಅಜ್ಜಿ ಹೇಳುತ್ತಿದ್ದದ್ದು ಗಂಡನ ಮನೆಯ ಸತ್ತವರನ್ನೆಲ್ಲ, ಅವರವರ ತಿಥಿಯ ತಿಂಗಳಿನಂತೆ, ಮೂರನೇ ತಿಂಗಳು ಮುತ್ತಜ್ಜ ಖಾನ್, ಅವರಿಗೆ ಕೆಂಪು ಅಂಟಕ್ಕಿ ಅನ್ನ, ಐದನೇ ತಿಂಗಳು ನ್ಹಾಮತ್ತೆ, ನೀರುಪಾಲಾದವಳು, ಅವಳ ಎಡೆಗೆ ಮೀನು ಬೇಡ, ಹತ್ತನೇ ತಿಂಗಳು ಲೂವನ್ ತಾತ, ದಂಡಿಗೆ ಹೋದವನು ಬರಲೇ ಇಲ್ಲ, ಮೊದಲು ಬಿಸಿ ಚಹಾ ಇಡು, ಆಮೇಲೆ ಮಿಕ್ಕದ್ದು — ಯಾರನ್ನೂ ಅಜ್ಜಿ ಕಣ್ಣಾರೆ ಕಂಡವಳಲ್ಲ, ಆದರೂ ಯಾರು ಯಾವುದನ್ನು ಇಷ್ಟಪಡುತ್ತಾರೆಂದು ಬಲ್ಲಳು, ತಾನು ತಿನ್ನದೆ ಅವರಿಗೆಂದು ಎತ್ತಿಟ್ಟಳು, ರಾತ್ರಿ ಕಲಿತದ್ದನ್ನು ಹಗಲು ಬಾಯಿಬಿಟ್ಟರೆ ತುಟಿಯ ಮೇಲೆ ಏಟು, ಹಿರಿಯರ ಹೆಸರು ಎಡೆ ಇಡುವಾಗ ಮಾತ್ರ, ಬೀದಿಯಲ್ಲಿ ಆಡೋದಕ್ಕಲ್ಲ, ಶಾಲೆಯಲ್ಲೂ ಅಷ್ಟೇ, ಯಾರನ್ನಾದರೂ ಅಳಿಸಬೇಕೆಂದರೆ ಅವರಪ್ಪನ ಹೆಸರು ಹಿಡಿದು ಕೂಗಿದರೆ ಸಾಕಿತ್ತು, ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಖ್ವೇ ಆ ಸಾಲುಗಳನ್ನೆಲ್ಲ ಒಂದೂ ತಪ್ಪದೆ ಮನಸ್ಸಿನಲ್ಲೇ ಹೇಳಿಕೊಂಡು, ಪಕ್ಕದವಳಿಗೆ ಹೆಮ್ಮೆಯಿಂದ, ನಮ್ಮಜ್ಜಿ ಕಲಿಸಿದ್ದು, ಇನ್ನೂ ಒಂದಕ್ಷರ ಮರೆತಿಲ್ಲ ಅಂದಿದ್ದಳು — ಅಂದ ಬಾಯಿ ಇದೇ — ಎಲ್ಲರನ್ನೂ ಕರೆದು ಕೂರಿಸಿ ಉಣಬಡಿಸಿದವಳು ಆ ಸಾಲುಗಳಲ್ಲಿ ಎಲ್ಲೂ ಇಲ್ಲ, ಇಲ್ಲವೆಂದು ಇವಳಿಗೆ ಇಷ್ಟು ವರ್ಷ ತೋರಲೂ ಇಲ್ಲ.

ಆದರೆ ಅಜ್ಜಿಯ ಹೆಸರನ್ನು ಖ್ವೇ ಕೇಳಿದ್ದಾಳೆ, ಒಂದು ಸಲ ಕಿವಿಗೆ ಬಿದ್ದಿದೆ, ಮುವನ್ ಬೇಲಿಗೆ ಒರಗಿ ಕೂಗಿದ ದಿನ, ಮುವನ್ ಪಕ್ಕದ ಮನೆಯವಳು, ಅವಳೂ ಈಗ ಬದುಕಿಲ್ಲ, ಇವರ ಬಾತುಕೋಳಿಗಳು ಅವಳ ಭತ್ತದ ಸಸಿಮಡಿಗೆ ನುಗ್ಗಿದ್ದವು, ಅವಳ ಬೈಗುಳವೆಂದರೆ ಊರೇ ಕೆಲಸ ಬಿಟ್ಟು ಕೇಳುವಂಥದ್ದು, ರಾಗ, ತಾಳ, ನಡುವೆ ನೀರು ಕುಡಿಯುವಷ್ಟು ಬಿಡುವು, ಬಾತುಕೋಳಿಯಿಂದ ಶುರುವಾಗಿ ಅದರ ಒಡತಿಗೆ, ಒಡತಿಯ ಒಲೆಗೆ, ಒಲೆಯಿಂದ ಅವಳ ತವರಿಗೆ, ಅಲ್ಲಿಗೂ ಸಾಲದೆ ಕೊನೆಗೆ ಅಜ್ಜಿಯ ಹೆಸರಿಗೆ, ಹಿಂದೆ ಮುಂದೆ ಏನೂ ಇಲ್ಲದ ಬರಿಯ ಹೆಸರು, ಕೆರೆಯಂಚಿನಲ್ಲಿ ಸೊಪ್ಪು ತೊಳೆಯುತ್ತಿದ್ದ ಅಜ್ಜಿ ಕತ್ತು ತಿರುಗಿಸಿದಳು — ಏಳು ವರ್ಷದ ಖ್ವೇ ಎರಡೂ ಕೈಯಿಂದ ಕಿವಿ ಮುಚ್ಚಿ ಲಾ ಲಾ ಲಾ ಎಂದು ಕಿರುಚಿದಳು, ಅಜ್ಜಿಯ ಮಾನ ಕಾಯುವುದೆಂದರೆ ಹಾಗೆ ಎಂದುಕೊಂಡಿದ್ದಳು, ಆಮೇಲೆ ಅಜ್ಜಿ ಅಂಗಿಯಂಚಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು, ಕೇಳಿಸ್ಕೊಂಡ್ಯಾ, ಇಲ್ಲಜ್ಜಿ, ಕೇಳಿಸ್ಕೊಳ್ಳಲಿಲ್ಲ, ಆಣೆಗೂ ಇಲ್ಲ, ಅಜ್ಜಿ ತುಸು ತಡೆದು, ಜಾಣೆ ಅಂದಳು, ಆ ತಡೆದದ್ದು ಯಾಕೆ, ಇವಳು ಹೇಳಿದರೆ ಕೇಳೋಣವೆಂದೇ, ಒಂದು ಸಲ ಮನೆಯ ಬಾಯಲ್ಲಿ, ಬೈಗುಳವಲ್ಲದ ಬಾಯಲ್ಲಿ — ಖ್ವೇ ಮಾತ್ರ ವಿಧೇಯ ಹುಡುಗಿ, ರಾತ್ರಿ ಆ ಶಬ್ದ ನಾಲಿಗೆಗೆ ಬಂದರೆ ಉಗುಳು ನುಂಗಿ ನುಂಗಿ ಅಳಿಸಿದಳು, ಈಗ ಎಷ್ಟು ತಡಕಿದರೂ ಮುವನಳ ದನಿ ಭಾರವಾಗಿ ಕೆಳಗೆ ಬಿದ್ದ ರೀತಿ ಮಾತ್ರ ಸಿಗುತ್ತದೆ, ಅಕ್ಷರ ಇಲ್ಲ, ತುಟಿ ಸೇರಿಸಿ ನೋಡಿದಳು, ಬಿಡಿಸಿ ನೋಡಿದಳು, ಇಲ್ಲ.

ಸಿಕ್ತೇನಮ್ಮ, ಮರಳಿ ಬಂದವಳನ್ನು ಕೇಳಿದರು ಮುದುಕರು, ಇಲ್ಲ ತಾತ, ಸಾಲಿನಲ್ಲಿ ಹಿಂದಿನವಳು ಪಕ್ಕದವಳಿಗೆ, ಸ್ವಂತ ಅಜ್ಜಿಯಂತೆ, ಹೆಸರು ಗೊತ್ತಿಲ್ಲವಂತೆ, ಪಟ್ಟಣದೋಳು ಅಂದಳು, ಅದಕ್ಕೆ ಪಕ್ಕದವಳು, ನಿಂಗೆ ನಿಮ್ಮಜ್ಜಿದು ಗೊತ್ತೇನೇ, ಹಿಂದಿನವಳು ಕೈಯಲ್ಲಿನ ಊದುಕಡ್ಡಿ ಎಣಿಸತೊಡಗಿದಳು, ಮುದುಕರು ದನಿ ತಗ್ಗಿಸಿ, ಯಾವುದಾದರೂ ಹೂವಿನ ಹೆಸರು ಬರೀಲಾ, ಆ ಕಾಲದ ಹೆಣ್ಣುಮಕ್ಕಳಿಗೆ ಹೂವು ಹಣ್ಣಿನ ಹೆಸರೇ ಇಡ್ತಿದ್ರು, ಹೂಂ ಅನ್ನಲು ಎಷ್ಟು ಹೊತ್ತು, ಬಾಯಿಗೂ ಬಂದಿತ್ತು, ಆದರೆ ಯಾರದೋ ಅಜ್ಜಿ ಬಂದು ಎಡೆಗೆ ಕೂತಾಳು, ತನ್ನವಳು ಬೇಲಿಯಾಚೆ ನಿಂತು ಅದನ್ನು ನೋಡಿಯಾಳು, ಬೇಡ ತಾತ, ತುವಾತರ ಹೆಂಡತಿ, ವೂ ಮನೆತನದವಳು, ಅಷ್ಟೇ ಬರೀರಿ, ಕರೆಸಿದವರು ಯಾರಂತ ಬರೀಲಿ, ಮೊಮ್ಮಗಳು ಅಂತ ತಾತ, ನಿನ್ನ ಹೆಸರು, ಪೂರ್ತಿ ಹೇಳು — ಹೇಳಿದಳು, ಅದನ್ನು ಮುದುಕರು ದೊಡ್ಡದಾಗಿ ಚೆಂದವಾಗಿ ಬರೆದರು, ಆ ಹೆಸರನ್ನು ಆರಿಸಿ ಇಟ್ಟವಳೂ ಅಜ್ಜಿಯೇ. ಮರದ ತಾಳ ಬಡಿಯತೊಡಗಿದೆ, ಭಿಕ್ಷುಣಿ ಸಮನಾದ ದನಿಯಲ್ಲಿ ಓದುತ್ತಿದ್ದಾಳೆ, ಹೆಸರು ಬಂದಂತೆಲ್ಲ ಒಂದೊಂದು ಕಡೆ ಒಂದೊಂದು ಕುಟುಂಬ ತಲೆ ನೆಲಕ್ಕೆ ಹಚ್ಚುತ್ತದೆ, ಈಗ ತುವಾತರ ಹೆಂಡತಿ ಎಂಬುದು ಬಂತು, ಹೋಯಿತು, ಖ್ವೇ ಹಣೆ ಹಚ್ಚಿದಳು, ಹಾಸುಗಲ್ಲು ಸುಡುತ್ತಿದೆ, ಮುಂದಿನ ಹೆಸರು, ಅದರ ಮುಂದಿನದು, ಯಾರೂ ಬಂದ ಹಾಗಿಲ್ಲ, ಕಣ್ಣೊಳಗೆ ಕೆರೆಯಂಚು, ಸೊಪ್ಪಿನಿಂದ ನೀರು ತೊಟ್ಟಿಕ್ಕುತ್ತಿದೆ, ಹೆಸರು ಕಿವಿಗೆ ಬಿದ್ದು ಅಜ್ಜಿ ಕತ್ತು ತಿರುಗಿಸುತ್ತಿದ್ದಾಳೆ, ಕೋಪವಲ್ಲ, ಅದು ಕೋಪವಾಗಿರಲೇ ಇಲ್ಲ, ಆಟಕ್ಕೆ ಬಾ ಎಂದು ಯಾರೋ ಕರೆದ ಹಾಗೆ, ಹುಬ್ಬು ಮೇಲೆದ್ದು, ಎಲೆಯಡಿಕೆಯ ಕೆಂಪು ಬಾಯಿ ಓ ಅನ್ನಲು ತೆರೆದು, ಬರೀ ಹುಡುಗಿಯ ಮುಖ, ಕರೆದದ್ದು ಯಾರೆಂದು ಹುಡುಕುತ್ತ ಆ ಕಣ್ಣು ಮೊದಲು ಬಂದು ನಿಂತದ್ದು ಇವಳ ಮೇಲೆ, ಕಿವಿ ಮುಚ್ಚಿಕೊಂಡ ಎರಡು ಪುಟ್ಟ ಕೈಗಳ ಮೇಲೆ, ಕತ್ತು ತಿರುಗುತ್ತದೆ, ಬಾಯಿ ತೆರೆಯುತ್ತದೆ, ಕೈಗಳ ಮೇಲೆ —