ದೊಡ್ಡವ್ವನ ಒಂದು ಕೈ, ನನ್ನ ಎರಡು

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಪುಣೆಯಲ್ಲಿ ಏನು ಕೆಲಸ ಸಿಗುತ್ತದೆ? ನನಗೆ ಒಂದು ಸಿಕ್ಕಿತು. ದೊಡ್ಡವ್ವನ ಎಡಗೈ ಆಗುವ ಕೆಲಸ.

೧೯೮೪ರ ಬೇಸಿಗೆಯಲ್ಲಿ ನನ್ನ ಅವ್ವನ ಅಕ್ಕ ಚನ್ನಬಸವ್ವನಿಗೆ ಲಕ್ವಾ ಹೊಡೆದು ಎಡಗೈ ಸೋತಿತು. ಬಿಬವೇವಾಡಿಯ ಎರಡು ಖೋಲಿಯ ಮನೆಗೆ ನನ್ನನ್ನು ಕರೆಸಿಕೊಂಡರು. ನೋಡಲು ಬಂದವರೆಲ್ಲ, "ಪುಣ್ಯಾ ಅದ, ಉಣ್ಣೂ ಕೈ ಉಳೀತು," ಎನ್ನುತ್ತಿದ್ದರು. ದೊಡ್ಡವ್ವ ಮುಖ ತಿರುಗಿಸುತ್ತಿದ್ದಳು. ಲಿಂಗವನ್ನು ಇಟ್ಟುಕೊಳ್ಳುವುದು ಎಡ ಅಂಗೈ ಮೇಲೆ. ಲಿಂಗಪೂಜೆಯಾಗದೆ ಅವಳು ಎಂದೂ ಉಂಡವಳಲ್ಲ. ಈಗ ಬೆಳಗ್ಗೆ ಅವಳ ಜೋತುಬಿದ್ದ ಕೈಯನ್ನು ನಾನು ಕೆಳಗಿನಿಂದ ಎತ್ತಿ ಹಿಡಿದರೆ ಮಾತ್ರ ಪೂಜೆ. ಮಣೆಯಂತೆ ಅಲುಗದೆ ಕೂರುತ್ತೇನೆಂದು ನನಗೆ ಹೆಮ್ಮೆಯೂ ಇತ್ತು.

"ಇದು ನಿನ್ನ ಕೈ ಮ್ಯಾಲಿನ ಪೂಜಾ ಆತು. ನಂದಲ್ಲ," ಎಂದಳು ಒಂದು ದಿನ. ಅಂದು ಎರಡೇ ತುತ್ತಿಗೆ ಎದ್ದಳು.

ವಾರಕ್ಕೊಮ್ಮೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಮಧುಕರ ಸೋಲಾಪುರದವರು, ಕನ್ನಡ ಬಲ್ಲವರು. ಸೋತ ಬೆರಳು ತುಸು ಮಿಸುಕುವುದನ್ನು ನೋಡಿ ಹೊಸದೊಂದು ದಾರಿ ಹೇಳಿದರು. ದಿನಕ್ಕೆ ಕೆಲವು ತಾಸು ಬಲಗೈಯನ್ನು ಕಟ್ಟಿಹಾಕಿ, ಎಲ್ಲ ಕೆಲಸವನ್ನೂ ಎಡಗೈಯಿಂದಲೇ ಮಾಡಿಸಬೇಕು.

"ಛಲೋ ಕೈ ಕಟ್ಟಿದ್ರ ಸೋತ ಕೈ ಎಚ್ಚರ ಆಗ್ತದರಿ. ಅಮೇರಿಕಾದಾಗ ಮಂಗ್ಯಾಗೋಳ ಮ್ಯಾಲ ಮಾಡಿ ನೋಡ್ಯಾರ."

"ಅವೂ ಲಿಂಗಪೂಜಾ ಮಾಡ್ತಾವೇನ್ರಿ?" ದೊಡ್ಡವ್ವ ಕೇಳಿದಳು.

"ಅದನ್ನ ಯಾರೂ ಕೇಳಿಲ್ರಿ."

ಉಣ್ಣುವುದನ್ನು ಮಾತ್ರ ಎಡಗೈಯಿಂದ ಮಾಡಲಾರೆ ಎಂದು ಅವಳು ಶರತ್ತು ಹಾಕಿದಳು. ಹಾಗಾಗಿ ಊಟ ಮುಗಿದ ಮೇಲೆ ಕಟ್ಟುವುದೆಂದಾಯಿತು. ದೊಡ್ಡಪ್ಪನ ಹಳೆಯ ಧೋತರದಲ್ಲಿ ಬಲಗೈಗೆ ನಾನೇ ಚೀಲ ಹೊಲಿದೆ. ಹೆಬ್ಬೆರಳು ಹೊರಗಿಣುಕುವಷ್ಟು ತೂತು ಉಳಿದಿತ್ತು. ಎಡಗೈಗೆ ಶೇಂಗಾ ಆರಿಸುವ, ವಸ್ತ್ರ ಮಡಚುವ ಕೆಲಸ. ಕೊನೆಗೆ ಅಂಗೈ ಮೇಲೆ ಗುಂಡು ಬದನೆಕಾಯಿ ಇಟ್ಟುಕೊಂಡು ನೂರು ಎಣಿಸುವುದು. ಲಿಂಗ ಬೀಳಿಸುವ ಎದೆ ಯಾರಿಗಿದೆ? ಬದನೆಕಾಯಿ ಬಿದ್ದರೆ ಪಲ್ಯವಾಗುತ್ತದೆ.

ಮೂರು ವಾರಕ್ಕೆ ನೂರು ಮುಟ್ಟಿತು. ಮಧುಕರ ಬಂದಾಗ ಉಬ್ಬಿಕೊಂಡು ತೋರಿಸಿದೆ. ಅವರು ಇಪ್ಪತ್ತಕ್ಕೇ ನಿಲ್ಲಿಸಿ, "ನಿಮ್ಮ ಕೈ ಎಲ್ಲದ ನೋಡ್ರಿ," ಎಂದರು.

ನನ್ನ ಕೈ ದೊಡ್ಡವ್ವನ ಕೈಯ ಕೆಳಗಿತ್ತು. ಯಾವಾಗ ಹೋಯಿತೋ ದೇವರಾಣೆ ನನಗೆ ಗೊತ್ತಿಲ್ಲ. ಕೇಳುವ ಮೊದಲೇ ನೀರು ತರುವವಳು ನಾನು. ನಾಲ್ಕು ಜನರೆದುರು ಬಾಯಿ ಬರುವುದಿಲ್ಲ, ಆದ್ದರಿಂದ ಕಣ್ಣು ಚುರುಕು. ನಾನು ಕಲಿತ ವಿದ್ಯೆ ಅದೊಂದೇ. ಈಗ ಅದೇ ರೋಗವೆಂದು ತಿಳಿಯಿತು.

"ಇನ್ನೆರಡು ಚೀಲಾ ಹೊಲೀರಿ," ಎಂದರು ಮಧುಕರ.

"ಯಾರಿಗ್ರಿ?"

"ನಿಮಗ."

ಲಕ್ವಾ ಹೊಡೆದ ಮೇಲೆ ದೊಡ್ಡವ್ವ ಮೊದಲ ಸಲ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಬದನೆಕಾಯಿಯ ಹೊತ್ತಿಗೆ ಪಕ್ಕದ ಮನೆಯ ಕುಶಲಾಬಾಯಿ ಬಂದು ಮೂರೂ ಚೀಲಗಳ ಲಾಡಿ ಕಟ್ಟಿ, ಅರ್ಧ ತಾಸು ಬಿಟ್ಟು ಬಿಚ್ಚುತ್ತಿದ್ದಳು. ಮೊದಲ ದಿನ ನಮ್ಮಿಬ್ಬರನ್ನೂ ನೋಡಿ, ಇದು ಯಾವ ವ್ರತ ಎಂದು ಮರಾಠಿಯಲ್ಲಿ ಕೇಳಿದಳು. ನಾಚಿಕೆಗೆ ನನ್ನ ಮರಾಠಿಯೆಲ್ಲ ಹಾರಿಹೋಗಿ, ಹೌದೆಂಬರ್ಥದ "ಹೋ" ಎಂದಷ್ಟೇ ಅಂದೆ. ಮರುದಿನ ಅವಳು ಬದನೆಕಾಯಿಗೆ ಕುಂಕುಮ ಹಚ್ಚಿ ಕೈಮುಗಿದು ಹೋದಳು.

ಇನ್ನು ನಿಜವಾದ ಎಣಿಕೆ. ಒಂಬತ್ತಕ್ಕೆ ಬಿತ್ತು. ಹದಿನಾಲ್ಕಕ್ಕೆ ಬಿತ್ತು. ಪ್ರತಿ ಸಲವೂ ನನ್ನ ಕೈಗಳು ಚೀಲದೊಳಗೆ ಇಲಿಗಳಂತೆ ಹೊಯ್ದಾಡಿದವು. ದಿನವೂ ಜಜ್ಜಿದ ಬದನೆಕಾಯಿ ಪಲ್ಯ ತಿಂದು ದೊಡ್ಡಪ್ಪ, "ಈ ಕೈ ಲಗೂ ಆರಾಮಾಗಲೆಪಾ," ಎಂದು ಬೇಡಿಕೊಂಡ. ಆಷಾಢ ಕಳೆಯುವ ಹೊತ್ತಿಗೆ ನೂರಾಯಿತು. ಒಂದು ವಾರ ದಿನವೂ ನೂರಾಯಿತು.

ಶ್ರಾವಣದ ಎರಡನೆಯ ಸೋಮವಾರ ಬೆಳಗ್ಗೆ ಸ್ನಾನ ಮಾಡಿ ಬಂದ ದೊಡ್ಡವ್ವ ಕುಶಲಾಬಾಯಿಯನ್ನು ಕರೆದು ನನ್ನ ಎರಡು ಕೈ ಮಾತ್ರ ಕಟ್ಟಿಸಿದಳು. "ಆ ಗ್ವಾಡಿಗೆ ಹತ್ತಿ ಕೂಡ್ರು," ಎಂದು ನನ್ನನ್ನು ಎದುರಿನ ಗೋಡೆಗೆ ಕೂರಿಸಿದಳು. ತೊಡೆಯ ಮೇಲೆ ಮಡಿವಸ್ತ್ರ ಹಾಸಿಕೊಂಡು, ಲಿಂಗವನ್ನು ತೆಗೆದು ಎಡ ಅಂಗೈ ಮೇಲೆ ಇಟ್ಟಳು.

ಅಂಗೈ ಹೊರಕ್ಕೆ ವಾಲಿತು. ನಾನು ಅರ್ಧ ಎದ್ದಿದ್ದೆ.

"ಕೂಡ್ರಽ!"

ಕುಳಿತೆ. ಬೆರಳುಗಳು ಒಂದೊಂದಾಗಿ ಮಡಚಿಕೊಂಡು ಲಿಂಗವನ್ನು ತಡೆದವು. ನೀರೆರೆದು ವಿಭೂತಿ ಹಚ್ಚಿದಳು, ಪತ್ರಿ ಏರಿಸಿದಳು. ಎರೆದ ನೀರು ವಾಲಿದ ಅಂಗೈಯಿಂದ ಮೊಣಕೈಗೆ ಹರಿದು ಸೀರೆ ತೊಯ್ದಿತು. ಅವಳು ಲಿಂಗದಿಂದ ಕಣ್ಣು ಕೀಳಲಿಲ್ಲ. ಇಷ್ಟು ದಿನ ಪಕ್ಕದಲ್ಲೇ ಕುಳಿತು ನಾನು ನೋಡಿದ್ದು ಅವಳ ಮುಂಗೈಯನ್ನು ಮಾತ್ರ. ಪೂಜೆಯ ಹೊತ್ತಿನ ಅವಳ ಮುಖ ಕಂಡದ್ದು ಅಂದೇ.

ಪೂಜೆ ಮುಗಿಸಿ ಲಿಂಗವನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು. "ರೊಟ್ಟಿ ತಾ, ಭಾಳ ಹಸಿವ್ಯಾಗ್ಯಾವ."

ಚೀಲದ ಕೈಗಳನ್ನು ಮುಂದೆ ಹಿಡಿದೆ. ಕುಶಲಾಬಾಯಿ ನೀರಿನ ನಳಕ್ಕೆ ಹೋಗಿದ್ದಳು.

"ಹುಚ್ಚಿ, ಬಾ ಇಲ್ಲೆ."

ಬಲಗೈಯಿಂದ ಗಂಟು ಹಿಡಿದು, ಎಡಗೈಯ ಎರಡು ಬೆರಳಿಂದ ಲಾಡಿ ಎಳೆಯತೊಡಗಿದಳು. ಜಾರಿತು. ಕುಶಲಾಬಾಯಿಯ ಗಂಟಿಗೆ ಬೈದು ಮತ್ತೆ ಎಳೆದಳು. ನಾನು ಸಹಾಯ ಮಾಡಲಿಲ್ಲ. ಮಾಡುವ ಹಾಗೂ ಇರಲಿಲ್ಲ.