ಕಸ್ತೂರೆವ್ವನ ಕಾಮೆಂಟರಿ

2006ರ ಬೇಸಿಗೆಯಲ್ಲಿ ಸಿಂದಗಿಯ ಸಿ.ಡಿ. ಅಂಗಡಿಯ ಬಂದೇನವಾಜ ಸೊಲ್ಲಾಪುರದಿಂದ ಒಂದು ಡಿ.ವಿ.ಡಿ. ಪೆಟ್ಟಿಗೆ ತಂದ. ಅದರೊಳಗಿದ್ದದ್ದು ‘ಧೂಲ್‌ಗಾಂವ್ ಕೀ ಟೋಲಿ’. ಚಿಮಣಿ ಎಂಬ ಹುಡುಗಿ ನಲವತ್ತು ಕುರಿ ಹೊಡೆದುಕೊಂಡು ನೀರು ಹುಡುಕುತ್ತ ಬಯಲುಸೀಮೆ ತಿರುಗುವ ಹಿಂದಿ ಕಾರ್ಟೂನು. ಮೂರು ವರ್ಷದ ಹಿಂದೆ ಅದು ಟಿ.ವಿ.ಯಲ್ಲಿ ಬರುವಾಗ ಕರೆಂಟಿನ ಕಣ್ಣಾಮುಚ್ಚಾಲೆಯಲ್ಲಿ ಅರ್ಧಂಬರ್ಧ ನೋಡಿದ್ದವರು ಸುದ್ದಿ ಕೇಳಿದ್ದೇ ತಡ ಓಡಿಬಂದರು. ರವಿವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಹನ್ನೊಂದು ಜನ ಕೂಡತೊಡಗಿದರು.

ಅವರಲ್ಲಿ ರೇಣುಕಾ ಒಬ್ಬಳು. ಕನ್ನೊಳ್ಳಿಯಿಂದ ದಿನಾ ಬಸ್ಸಿಗೆ ಬಂದು ಒಂದು ಝೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡುತ್ತಿದ್ದಳು. ರಿಮೋಟಿನ ಗುಂಡಿ ಒತ್ತುತ್ತ ಒತ್ತುತ್ತ ಅವಳೇ ಆ ಗುಟ್ಟು ಪತ್ತೆ ಹಚ್ಚಿದ್ದು. ಆಡಿಯೊ ಬದಲಿಸಿದರೆ ಪಾತ್ರಗಳ ದನಿ ತಗ್ಗಿ, ಅದರ ಮೇಲೆ ಕಾರ್ಟೂನು ಮಾಡಿದವರೇ ಮಾತಾಡುತ್ತಿದ್ದರು. ಈ ಮೋಡ ಹೇಗೆ ಬಿಡಿಸಿದೆವು, ಚಿಮಣಿಯ ನಗು ಯಾರದು, ಯಾವ ದೃಶ್ಯಕ್ಕೆ ಎಷ್ಟು ಸಲ ಜಗಳಾಡಿದೆವು, ಎಲ್ಲ ಹೇಳುತ್ತಿದ್ದರು.

“ಕ್ರಿಕೆಟ್ಟಿಗೆ ಕಾಮೆಂಟ್ರಿ ಇರ್ತೈತಿ, ಸರಿ. ಕಾರ್ಟೂನಿಗೆ ಯಾಕ ಬೇಕವಾ?” ಎಂದ ಕಾಂತು. ಅವನು ಗಡಿಯಾರ ರಿಪೇರಿಯವನು, ಗುಂಪಿನಲ್ಲಿ ಬಾಯಿ ಜೋರು. “ಚಿಮಣಿ ಅಳಾಕತ್ತಾಳ, ಇವ್ರು ನಗಾಕತ್ತಾರ. ನೋಡೂ ರುಚೀನ ಹೋತು.”

“ನೀ ದಿನಾ ಗಡಿಯಾರದ ಹೊಟ್ಟಿ ಬಿಚ್ಚಿ ನೋಡ್ತಿ. ನಾ ಇದರ ಹೊಟ್ಟಿ ನೋಡಿದ್ರ ನಿನಗೇನು?” ಎಂದಳು ರೇಣುಕಾ.

ವಾದ ವಾರಗಟ್ಟಲೆ ನಡೆಯಿತು. ಆರು ಜನ ಬೇಡ ಎಂದರು, ನಾಲ್ವರು ಒಂದು ಸಲ ಸುಮ್ಮನೆ ನೋಡಿ ಆಮೇಲೆ ಕೇಳೋಣ ಎಂದರು. ಪೂರ್ತಿ ಪರವಾಗಿ ನಿಂತವಳು ರೇಣುಕಾ ಒಬ್ಬಳೇ. ಪೆಟ್ಟಿಗೆಯಲ್ಲಿ ಒಂದು ಕಾರ್ಡೂ ಇತ್ತು: ‘ನಮ್ಮ ಈ ಮಾತುಗಳು ನಿಮಗೆ ಹೇಗೆನಿಸಿದವು? ಬರೆದು ತಿಳಿಸಿ.’ ಕೆಳಗೆ ಪುಣೆಯ ವಿಳಾಸ. ಎಲ್ಲರ ಅಭಿಪ್ರಾಯ ಬರೆದು ಕಳಿಸುವ ಕೆಲಸ ಟೈಪು ಬಲ್ಲ ರೇಣುಕಾಳ ಪಾಲಿಗೆ ಬಂತು.

ಒಂದು ರವಿವಾರ ಅವಳ ತಾಯಿ ಕಸ್ತೂರೆವ್ವ ಕುರಿಗಳಿಗೆ ಔಷಧ ಒಯ್ಯಲು ಸಿಂದಗಿಗೆ ಬಂದವಳು ಮಗಳನ್ನು ಹುಡುಕುತ್ತ ಅಂಗಡಿಗೇ ಬಂದುಬಿಟ್ಟಳು. ಸೀರೆಯಂಚಿಗೆ ಮುಳ್ಳು ಅಂಟಿಕೊಂಡಿದ್ದವು, ಮೈಯಿಂದ ಕುರಿಯ ವಾಸನೆ. ರೇಣುಕಾ ಮುದುಡಿದಳು. ಮನೆಯಲ್ಲಿ ಕುರಿ ಕಾಯುತ್ತಾರೆಂದು ಅವಳು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಬಂದೇನವಾಜ ಮಾತ್ರ, “ಬರ್ರಿ ಅಕ್ಕಾರ, ಕುಂದರ್ರಿ,” ಎಂದು ಕುರ್ಚಿ ಕೊಟ್ಟ.

ಒಂಬತ್ತನೆಯ ಕಂತು ಓಡುತ್ತಿತ್ತು, ಅಭಿಪ್ರಾಯ ಬರೆಯಬೇಕಲ್ಲ ಎಂದು ಕಾಮೆಂಟರಿಯೊಂದಿಗೆ. ನಿರ್ದೇಶಕ ಚೇತನಕುಮಾರ ನಗುತ್ತ ಹಿಂದಿಯಲ್ಲಿ ಹೇಳುತ್ತಿದ್ದ: ಕುರಿಗಳೆಲ್ಲ ಒಂದೇ ತರಹ ತಾನೆ? ಒಂದನ್ನೇ ಬಿಡಿಸಿ ನಲವತ್ತು ಮಾಡಿದೆವು, ಯಾರೂ ಗುರುತು ಹಿಡಿಯಲಿಲ್ಲ.

ಮೇವು ಅರಸಿ ವರ್ಷ ವರ್ಷ ಮಹಾರಾಷ್ಟ್ರದ ಕಡೆ ಹೋಗಿಬರುವ ಕಸ್ತೂರೆವ್ವನಿಗೆ ಹಿಂದಿ ತಿಳಿಯುತ್ತಿತ್ತು. ಅವಳು ಗಟ್ಟಿಯಾಗಿ ನಕ್ಕಳು.

“ಯಾರಂವ ಶ್ಯಾಣ್ಯಾ? ನಲವತ್ತ ಕುರಿಗೂ ಒಂದ ಮಾರಿ ಅಂತ! ಹಂಗಾದ್ರ ಮರಿ ತನ್ನ ತಾಯೀನ ಹ್ಯಾಂಗ ಹುಡಕತೈತಿ?”

“ಯವ್ವಾ, ಸುಮ್ಮ ಕೂಡು,” ಎಂದು ರೇಣುಕಾ ಪಿಸುಗುಟ್ಟಿದಳು.

ಪರದೆಯ ಮೇಲೆ ಮಳೆ ಹೊಡೆಯಿತು. ಕುರಿಗಳು ದಿಕ್ಕಾಪಾಲಾಗಿ ಓಡಿದವು. ಕಸ್ತೂರೆವ್ವ ತಡೆಯಲಾರದೆ ಎದ್ದು ನಿಂತಳು. “ಕುರಿ ಹಂಗ ಓಡೂದಿಲ್ಲ. ಮಳಿ ಬಡದ ಕಡೆ ಬೆನ್ನ ಮಾಡಿ, ಒಂದರ ಹೊಟ್ಯಾಗ ಒಂದು ತಲಿ ಇಟ್ಟು ಗಪ್ಪನ ನಿಲ್ತಾವ. ಮರಿ ನಡಬರಕ. ಓಡೂದೇನಿದ್ರೂ ಈ ಹುಡುಗೀನ!”

ಯಾರೂ ನಗಲಿಲ್ಲ. ಕಾಂತು ರಿಮೋಟು ಕಸಿದುಕೊಂಡು ದನಿ ಪೂರ್ತಿ ತಗ್ಗಿಸಿ, ಕಂತನ್ನು ಮೊದಲಿಗೆ ತಿರುಗಿಸಿದ. “ಎವ್ವಾ, ಈಗ ನೀವ ಹೇಳ್ರಿ.”

ಅವಳು ಹೇಳಿದಳು. ಇಪ್ಪತ್ತೆರಡು ನಿಮಿಷ ಚಿತ್ರದ ಜೊತೆ ಜೊತೆಗೇ ಮಾತು. ನೀರಿಗೆ ಕರೆಯುವ ಕೂಗೇ ಬೇರೆ, ತರುಬುವ ಕೂಗೇ ಬೇರೆ ಎಂದು ಎರಡನ್ನೂ ಕೂಗಿ ತೋರಿಸಿದಳು. ಚಿಮಣಿ ಬೆಟ್ಟದಂಚಿನಲ್ಲಿ ನಿಂತಾಗ, “ಗಾಳಿ ನೋಡವಾ ಮೊದಲ!” ಎಂದು ಗದರಿದಳು. ಕಂತು ಮುಗಿದಾಗ ಕೋಣೆಯಲ್ಲಿ ಚಪ್ಪಾಳೆ. “ಕಾಮೆಂಟ್ರಿ ಅಂದ್ರ ಇದು!” ಎಂದು ಕಾಂತು ತೊಡೆ ತಟ್ಟಿದ. ರೇಣುಕಾ ತಾಯಿಯನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಸ್ವಲ್ಪ ಹೊತ್ತಿನ ಹಿಂದೆ ತಾನು ಮುದುಡಿದ್ದು ನೆನೆದು ನಾಚಿಕೆಯಾಯಿತು. “ಇವ್ರು ನಮ್ಮವ್ವ,” ಎಂದಳು, ಎಲ್ಲರಿಗೂ ಗೊತ್ತಿದ್ದರೂ.

ಮರುವಾರ ಬಂದೇನವಾಜನ ಟೇಪ್‌ರೆಕಾರ್ಡರಿನಲ್ಲಿ ಅದನ್ನೆಲ್ಲ ಮತ್ತೊಮ್ಮೆ ಹೇಳಿಸಿ, ಹಿಂದಿಗೆ ತಂದು, ಹನ್ನೊಂದು ಜನರ ಅಭಿಪ್ರಾಯದೊಂದಿಗೆ ಕ್ಯಾಸೆಟ್ಟನ್ನೂ ರೇಣುಕಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದಳು. ಕೊನೆಗೆ ತನ್ನದೊಂದು ಸಾಲು ಸೇರಿಸಿದ್ದಳು: ‘ನಿಮ್ಮ ಮಾತು ಕೇಳಿದ್ದರಿಂದಲೇ ನಿಮ್ಮ ತಪ್ಪು ಗೊತ್ತಾಯಿತು. ಆದ್ದರಿಂದ ಮಾತು ನಿಲ್ಲಿಸಬೇಡಿ.’

ಎರಡು ತಿಂಗಳು ಸದ್ದಿಲ್ಲ. ಮೂರನೆಯ ತಿಂಗಳು ಅಂಗಡಿಯ ಫೋನು ಗಣಗಣಿಸಿತು. ಚೇತನಕುಮಾರನೇ ರೇಣುಕಾಳೊಂದಿಗೆ ಮಾತಾಡಿದ. ದೇಶದ ತುಂಬ ಅಭಿಮಾನಿಗಳು ಬರೆದಿದ್ದಾರೆ, ಹೊಗಳಿದವರಿದ್ದಾರೆ, ಬೈದವರಿದ್ದಾರೆ. ನಮಗೆ ಕೆಲಸ ಕಲಿಸಿದವರು ನಿಮ್ಮ ತಾಯಿ ಒಬ್ಬರೇ. ಎರಡನೇ ಭಾಗ ಮಾಡುತ್ತಿದ್ದೇವೆ, ಅವರು ಪುಣೆಗೆ ಬರುವರೇ?

“ಕುರಿ ಯಾರು ನೋಡ್ಕೋತಾರ?” ಎಂದದ್ದೊಂದೇ ಕಸ್ತೂರೆವ್ವನ ಪ್ರಶ್ನೆ. ಅವಳ ತಮ್ಮ ಅಮಸಿದ್ದ ತಾನು ನೋಡಿಕೊಳ್ಳುತ್ತೇನೆ ಎಂದ ಮೇಲೆ ಮಗಳೊಂದಿಗೆ ಹೊರಟಳು.

ಪುಣೆಯ ಸ್ಟುಡಿಯೊದಲ್ಲಿ ಆರು ಜನ ಚಿತ್ರಕಾರರು ಹಾಳೆ, ಪೆನ್ಸಿಲು ಹಿಡಿದು ಅವಳ ಸುತ್ತ ನೆಲದ ಮೇಲೆ ಕೂತರು. ಮುರುಕಿವಿ, ಕರಿಮೂತಿ, ಚುಕ್ಕಿ, ಕೆಂಚಿ: ಒಂದೊಂದರ ಹೆಸರು, ಮುಖ, ನಡಿಗೆ, ಹಟ ಅವಳು ವರ್ಣಿಸಿದಂತೆ ಹಾಳೆಯ ಮೇಲೆ ನಲವತ್ತು ಕುರಿಗಳು ಎದ್ದು ನಿಂತವು. “ಕೆಂಚಿ ಮೂಗು ಇಷ್ಟ ಉದ್ದ ಅಲ್ಲಪಾ, ಅಳಸು,” ಎಂದರೆ ಅಳಿಸಿದರು. ಮೈಕಿನ ಮುಂದೆ ಕೂಡಿಸಿದಾಗ ಮಾತ್ರ ಅವಳ ಬಾಯಿ ಕಟ್ಟಿತು. “ಗ್ವಾಡಿಗೆ ಏನ ಹೇಳ್ಲಿ? ರೇಣುಕಾ, ನೀ ಮುಂದ ಕುಂದ್ರು.” ಮಗಳು ಎದುರು ಕೂತಳು. ಆಮೇಲೆ ಮಾತು ನಿಲ್ಲಲೇ ಇಲ್ಲ.

ಮರುವರ್ಷ ಎರಡನೇ ಭಾಗದ ಪೆಟ್ಟಿಗೆ ಬಂದಾಗ ಸಿಂದಗಿಯ ಮಂಗಲ ಕಾರ್ಯಾಲಯದಲ್ಲಿ ದೊಡ್ಡ ಪರದೆ ಕಟ್ಟಿದರು. ಕನ್ನೊಳ್ಳಿಯ ಮಂದಿ ಟ್ರ್ಯಾಕ್ಟರಿನಲ್ಲಿ ಬಂದರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಬಸ್ಸಿಗೆ ಬಂದವರೂ ಇದ್ದರು. ಪರದೆಯ ಮೇಲೆ ಮೂರು ಆಯ್ಕೆ ಮೂಡಿದವು: ಹಿಂದಿ, ನಿರ್ದೇಶಕರ ಕಾಮೆಂಟರಿ, ಮೂರನೆಯದು ಕನ್ನಡ ಅಕ್ಷರದಲ್ಲಿ. ಕಾಂತು ಎಲ್ಲರೂ ಓದಲೆಂದು ಅಲ್ಲೇ ನಿಲ್ಲಿಸಿದ.

“ಏನ ಬರದಾರ?” ಎಂದಳು ಓದು ಬಾರದ ಕಸ್ತೂರೆವ್ವ.

ರೇಣುಕಾ ಇಡೀ ಸಭೆಗೆ ಕೇಳುವಂತೆ ಓದಿದಳು: “ಕಸ್ತೂರೆವ್ವ ಕನ್ನೊಳ್ಳಿ ಅವರ ಮಾತಿನೊಂದಿಗೆ.”

ಸಿಳ್ಳೆ ಹಾರಿದವು. ನಲವತ್ತು ಮುಖಗಳ ಹಿಂಡು ಪರದೆ ತುಂಬಿತು, ಅದರ ಮೇಲೆ ಅವಳ ದನಿ ಬಯಲಿನಲ್ಲಿ ಕೂಗಿದಷ್ಟೇ ನಿರಾಳವಾಗಿ ಹರಿಯಿತು. ಮುಗಿದರೂ ಯಾರೂ ಏಳಲಿಲ್ಲ. “ಇನ್ನೊಮ್ಮೆ ಹಚ್ಚರಿ!” ಎಂದು ಹಿಂದಿನಿಂದ ಕೂಗು ಬಂತು.

ಕಸ್ತೂರೆವ್ವ ಸೆರಗು ಸರಿ ಮಾಡಿಕೊಂಡು ಕುರ್ಚಿಯಲ್ಲಿ ಆರಾಮಾಗಿ ಕೂತಳು. “ಹಚ್ಚಪಾ ಕಾಂತು,” ಎಂದಳು, “ದನಿ ಇನ್ನಷ್ಟ ಜೋರ ಇಡು.”